ಕೆಂಪನಂಜಮ್ಮನ ವ್ರತ

ನಾಗಮಂಗಲ ಸೀಮೆಯ ಕೆಂಪನಂಜಮ್ಮನಿಗೆ ಮಕ್ಕಳಿರಲಿಲ್ಲ. ತಾಯಿ ಸತ್ತ ಕರುವೊಂದನ್ನು ಗಂಜಿ ಕುಡಿಸಿ ಬೆಳೆಸಿದ್ದಳು. ಆ ಎತ್ತು, ಕೆಂದ, ಅವಳ ಪಾಲಿಗೆ ಮಗನೇ. ೧೯೨೩ರಲ್ಲಿ ದನಗಳಿಗೆ ಬಂದ ಬೇನೆ ಅವನನ್ನು ಕೊಂಡೊಯ್ದಿತು. ಅಂದಿನಿಂದ ಮಾಂಸವನ್ನಷ್ಟೇ ಅಲ್ಲ, ಹಾಲು ಮಜ್ಜಿಗೆಯನ್ನೂ ಅವಳು ಬಿಟ್ಟಳು. ಮೂಕಜೀವದಿಂದ ಬಂದದ್ದೇನೂ ತನ್ನ ನಾಲಿಗೆಗೆ ಸೋಕಬಾರದೆಂದು ಬಾವಿನೀರಿನ ಪಾತಿಯ ಸೊಪ್ಪಿನ ಸಾರಿನಲ್ಲೇ ರಾಗಿಹಿಟ್ಟುಣ್ಣತೊಡಗಿದಳು.

“ಮಜ್ಗೇನೂ ಬ್ಯಾಡ್ವಾ? ಸನ್ಯಾಸಿ ಆಗ್ಬುಟ್ಟೆ ಕಣಮ್ಮಿ,” ಎಂದು ಗಂಡ ಮುದ್ದಯ್ಯ ಅಣಕಿಸುತ್ತಿದ್ದ.

ಬೇಸಗೆಯ ಒಂದು ಬೆಳಿಗ್ಗೆ ಅವಳು ಸೊಪ್ಪು ಕೊಯ್ದು ಬಾವಿಯ ಕಟ್ಟೆಗೆ ಬಂದಳು. ಮುದ್ದಯ್ಯ ಹೊಡೆಯುತ್ತಿದ್ದ ಎತ್ತುಗಳು ಕಪಿಲೆಯ ಹಗ್ಗ ಎಳೆದು ನೀರೆತ್ತುತ್ತಿದ್ದವು. ತುಂಬಿ ಮೇಲೆ ಬಂದ ಹೊಸ ತೊಗಲುಚೀಲದ ಮೇಲೆ ಒಂದು ಬರೆಯ ಗುರುತು ಕಂಡಿತು. ಕೆಂದ ಎಳೆಗರುವಾಗಿದ್ದಾಗ ಕಾಯಿಲೆ ಬಿದ್ದನೆಂದು ಅವಳೇ ಅಳುತ್ತ ಹಾಕಿಸಿದ್ದ ಬರೆ ಅದು.

“ಇದು ಕೆಂದನ್ ತೊಗಲಾ?”

ಮುದ್ದಯ್ಯ ಮುಖವೆತ್ತಲಿಲ್ಲ. “ಅಳೇ ಚೀಲ ಅರ್ದೋಗಿತ್ತು ಕಣಮ್ಮಿ. ನೀರಿಲ್ದೆ ನಿನ್ ಸೊಪ್ಪು ಎಂಗೆ ಬೆಳೀತಿತ್ತು?”

“ಅಂಗಾದ್ರೆ ಇಷ್ಟ್ ದಿನ ನಾ ಉಂಡಿದ್ದೇನು?”

ಕೆಂಪನಂಜಮ್ಮ ಮಡಿಲಲ್ಲಿದ್ದ ಸೊಪ್ಪನ್ನು ನೆಲಕ್ಕೆ ಸುರಿದು, ಚೀಲ ಮತ್ತೆ ಬಾವಿಗಿಳಿಯದಂತೆ ಎರಡೂ ತೋಳುಗಳಿಂದ ತಬ್ಬಿ ಕುಳಿತಳು.