ಟಕ್ ಅಂದು ಸುಮ್ಮನಾಗುತ್ತಿದ್ದ ಕಾರು

ಆ ವರ್ಷ ಮೆಣಸಿನಕಾಯಿ ಸುಗ್ಗಿಯ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದು ಸದ್ದಿನ ಭಯ ಹತ್ತಿಕೊಂಡಿತ್ತು. ಕಾರಿನ ಕೀಲಿ ತಿರುವಿದರೆ ಇಂಜಿನ್ ತಿರುಗುವ ಬದಲು ಬಾನೆಟ್ಟಿನ ಕೆಳಗೆಲ್ಲೋ ‘ಟಕ್’ ಎಂದು ಒಂದೇ ಸಲ ಕೇಳುತ್ತಿತ್ತು. ಆಮೇಲೆ ಏನೂ ಇಲ್ಲ.

ಬೇರೆ ವರ್ಷವಾಗಿದ್ದರೆ ನಕ್ಕು ಬಿಡುತ್ತಿದ್ದೆವು. ಆದರೆ ಅಕ್ಕ ಚೊಚ್ಚಲ ಹೆರಿಗೆಗೆಂದು ಹಾವೇರಿಯ ಗಂಡನ ಮನೆಯಿಂದ ಮೋಟೆಬೆನ್ನೂರಿಗೆ, ತವರಿಗೆ ಬಂದಿದ್ದಳು. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿದೆ ಎಂದು ರಾಣೆಬೆನ್ನೂರಿನ ಡಾಕ್ಟರಮ್ಮ ಹೇಳಿ, ಆಪರೇಶನ್ನಿಗೆ ದಿನ ಗೊತ್ತು ಮಾಡಿದ್ದರು. “ಅದಕ್ಕಿಂತ ಮೊದಲ ನೀರು ಹೋತಂದ್ರ, ನೋವು ಬರಲಿ ಅಂತ ಕುಂದರಬ್ಯಾಡ್ರಿ. ಮಲಗಿಸ್ಕೊಂಡು ಸೀದಾ ಕರ್ಕೊಂಡ ಬರ್ರಿ. ತಡ ಆದ್ರ ಕೂಸಿಗೆ ತ್ರಾಸು,” ಎಂದಿದ್ದರು.

ಆಂಬುಲೆನ್ಸಿನ ನಂಬರನ್ನು ಅಡುಗೆಮನೆಯ ಗೋಡೆಗೆ ಬರೆದಿದ್ದೆವು. ಆದರೆ ಹಿಂದಿನ ತಿಂಗಳು ಓಣಿಯಲ್ಲಿ ಒಬ್ಬರಿಗೆ ಎದೆನೋವು ಬಂದಾಗ ಅದು ಇನ್ನೆಲ್ಲಿಗೋ ಹೋಗಿ, ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಯ ದಿನ ಬಂತೆಂದರೆ ನಮ್ಮೂರಿನ ಟ್ರ್ಯಾಕ್ಟರು, ಟೆಂಪೋ, ಎಲ್ಲ ಚೀಲ ಹೇರಿಕೊಂಡು ಬೆಳಗಾಗುವ ಮೊದಲೇ ಹೋಗಿಬಿಡುತ್ತವೆ. ಅಂಥ ದಿನ ಉಳಿಯುವುದು ನಮ್ಮ ಹಳೆಯ ಕಾರು ಒಂದೇ. ಅದನ್ನು ಓಡಿಸುವವಳು ನಾನು. ಅಪ್ಪನಿಗೆ ಕಣ್ಣಿಗೆ ಪೊರೆ ಬಂದು ಅಷ್ಟಾಗಿ ಕಾಣುತ್ತಿರಲಿಲ್ಲ.

“ದಬ್ಬಿದ್ರ ಚಾಲೂ ಆಗ್ತೈತಿ, ಅದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ?” ಎಂದ ಅಪ್ಪ.

“ಪ್ಯಾಟಿ ದಿನ ಓಣ್ಯಾಗ ಗಂಡಸರು ಯಾರ ಇರ್ತಾರ? ಬಸುರಿ ಇಳದು ದಬ್ಬಬೇಕೇನು?” ಎಂದಳು ಅವ್ವ.

ನನಗೆ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಒದ್ದೆ ಕಾಗದದ ಮೇಲೆ ಬೀಜ ಸಾಲಾಗಿ ಇಟ್ಟು, ನೂರಕ್ಕೆ ಎಷ್ಟು ಮೊಳೆತವು ಎಂದು ಬರೆಯುವುದು. ಆ ಅಭ್ಯಾಸದಿಂದಲೇ ದಿನಚರಿಯ ಅಂಚಿನಲ್ಲಿ ಕಾರಿಗೂ ಜಾಗ ಮಾಡಿದೆ. ಮೊದಲ ಸಲಕ್ಕೇ ಚಾಲೂ ಆದರೆ ಒಂದು ಗೆರೆ, ಟಕ್ ಅಂದರೆ ಒಂದು ಸೊನ್ನೆ. ಪಕ್ಕದಲ್ಲಿ ವಾರ, ಹೊತ್ತು, ಇಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ ಎಂಬುದು. ಮೊದಲ ವಾರ ಸೊನ್ನೆಗಳು ಚಳಿಗೂ ಹೊಂದಲಿಲ್ಲ, ಬಿಸಿಲಿಗೂ ಹೊಂದಲಿಲ್ಲ. ಎರಡನೆಯ ವಾರ ಸೊನ್ನೆಗಳೇ ಹೆಚ್ಚಾದವು. ರಾತ್ರಿ ಅಕ್ಕ ಮಗ್ಗುಲು ಬದಲಿಸಿದರೂ ನನ್ನ ಕೈ ಕೀಲಿ ಹುಡುಕುತ್ತಿತ್ತು.

ಬ್ಯಾಡಗಿಯಲ್ಲಿ ಪೇಟೆಯ ಹಿಂದಿನ ರಸ್ತೆಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಶಿಯನ್ ಇದ್ದಾರೆ. ನಾವೆಲ್ಲ ಚಾಚಾ ಅನ್ನುತ್ತೇವೆ. ಸುಗ್ಗಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಅವರು ಪ್ರತಿ ಮಾತಿಗೂ ಒಂದು ಸೀನು ಸೇರಿಸಿಯೇ ಮಾತಾಡುವುದು. ಕೀಲಿ ತಿರುವಿ ಟಕ್ ಎಂದು ಕೇಳಿದವರೇ, “ಬ್ಯಾಟರಿ ಬುಡ್ಢಾ ಆಗೇತಿ ಬೇಟಾ,” ಎಂದು ಸೀನಿ, ಹೊಸದು ಕೂಡಿಸಿ ಕಳಿಸಿದರು. ಮೂರು ದಿನ ಬರೀ ಗೆರೆಗಳು. ಭಾನುವಾರ ಮತ್ತೆ ಸೊನ್ನೆ.

“ಹೊಸಾದೂ ಬುಡ್ಢಾ ಆತೇನು, ಕೇಳ ಅವಗ,” ಎಂದ ಅಪ್ಪ.

ಫೋನ್ ಮಾಡಿದೆ. ಚಾಚಾ, “ಹೆಡ್‌ಲೈಟ್ ಹಚ್ಚಿ ಕೀಲಿ ತಿರುವು. ಲೈಟು ಸಣ್ಣ ಆದ್ರ ಬ್ಯಾಟರೀದು ತಪ್ಪು. ಆಗಲಿಲ್ಲಂದ್ರ ನಂದ ತಪ್ಪು,” ಎಂದರು. ಅಪ್ಪ ಗೋಡೆಯ ಮೇಲೆ ಬಿದ್ದ ಬೆಳಕು ನೋಡುತ್ತ ನಿಂತ. ನಾನು ತಿರುವಿದೆ. ಟಕ್. ಬೆಳಕು ಒಂದಿಷ್ಟೂ ಅಲುಗಲಿಲ್ಲ.

“ಹಂಗಾದ್ರ ನಂದ ತಪ್ಪು,” ಎಂದರು ಚಾಚಾ. ಫೋನಿನಲ್ಲೇ ಸ್ಟಾರ್ಟರ್ ಮೋಟರಿನ ಸಂಗತಿ ಬಿಡಿಸಿ ಹೇಳಿದರು. ನಾನು ಬರೆದುಕೊಂಡೆ. ಕೀಲಿ ತಿರುವಿದರೆ ಒಂದು ಸಣ್ಣ ವೈರಿನಲ್ಲಿ ಕರೆಂಟು ಮೋಟರಿನ ಬೆನ್ನ ಮೇಲಿರುವ ಡಬ್ಬಿಗೆ ಹೋಗುತ್ತದೆ. ಅದರೊಳಗಿನ ಕಬ್ಬಿಣದ ದಿಂಡು ಜಾರಿ, ಹಲ್ಲಿನ ಗಾಲಿಯನ್ನು ಇಂಜಿನ್ನಿನ ಚಕ್ರಕ್ಕೆ ಕೂಡಿಸುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯಿಂದ ಬಂದ ದಪ್ಪ ಕೇಬಲಿನ ಕರೆಂಟನ್ನು ಮೋಟರಿಗೆ ಬಿಡುತ್ತದೆ. ಟಕ್ ಅನ್ನುವುದು ಆ ದಿಂಡಿನ ಸದ್ದು. ಟಕ್ ಎಂದೂ ಮೋಟರ್ ತಿರುಗದಿದ್ದರೆ, ಲೈಟೂ ಸಣ್ಣದಾಗದಿದ್ದರೆ, ದಪ್ಪ ಕರೆಂಟು ಹಾದಿಯಲ್ಲೆಲ್ಲೋ ತಡೆದು ನಿಂತಿದೆ ಎಂದರ್ಥ. ಹೊಸ ಬ್ಯಾಟರಿ ಕೂಡಿಸುವಾಗ ಕೇಬಲ್ ಅಲುಗಾಡಿ ಮೂರು ದಿನ ದಾರಿ ಬಿಟ್ಟಿರಬೇಕು.

“ಶುಕ್ರವಾರ ನಾನ ಬರ್ತೀನಿ. ಅಲ್ಲೀತನಕ ಪಾನಾ ತಗೊಂಡು ಮೋಟರಿಗೆ ಮೆಲ್ಲಗ ಬಡಿ. ಭಾಳ ಬಡದೀ ಅಂದ್ರ ಒಳಗಿಂದು ಒಡದೀತು.”

ಪಾನಾದ, ಅಂದರೆ ಸ್ಪ್ಯಾನರಿನ, ಪೆಟ್ಟು ಬುಧವಾರದವರೆಗೆ ನಡೆಯಿತು. ಗುರುವಾರ, ಪೇಟೆಯ ದಿನ, ಬೆಳಿಗ್ಗೆ ಎಷ್ಟು ಬಡಿದರೂ ಬರೀ ಟಕ್. ಓಣಿಯಲ್ಲಿ ಒಂದು ಗಾಡಿಯೂ ಇರಲಿಲ್ಲ. ನಾನು ಕೆಲಸಕ್ಕೆ ರಜೆ ಹೇಳಿ, ಪೇಟೆಯ ಗಾಡಿಗಳನ್ನು ಬಿಟ್ಟು ಬರಲಾಗದ ಚಾಚಾ ಫೋನಿನಲ್ಲಿ ಹೇಳಿದಂತೆ ಮೊದಲು ಬ್ಯಾಟರಿಯ ಕರಿ ಕೇಬಲ್ ಬಿಚ್ಚಿ ಬದಿಗೆ ಕಟ್ಟಿದೆ. ಅದನ್ನು ಬಿಚ್ಚದೆ ಕೈ ಹಾಕಿದರೆ ಪಾನಾ ಎಲ್ಲಿಗಾದರೂ ತಾಗಿ ಕಿಡಿ ಹಾರುತ್ತದೆ. ಆಮೇಲೆ ಚಾಪೆ ಹಾಸಿಕೊಂಡು ಕಾರಿನ ಕೆಳಗೆ ತೂರಿದೆ.

ಮೋಟರಿನ ಬೆನ್ನ ಮೇಲೆ ದಪ್ಪ ಕೇಬಲ್ ಕೂಡುವ ಕಡೆ ಕೆಂಪಗೆ ಏನೋ ಗಟ್ಟಿಯಾಗಿ ಮೆತ್ತಿತ್ತು. ನಟ್ಟಿನ ಸುತ್ತ ಹಸಿರು ಕಿಲುಬು. ಉಗುರಿನಿಂದ ಕೆರೆದು ಮೂಗಿಗೆ ಹಿಡಿದೆ. ಬೆಳ್ಳುಳ್ಳಿ.

“ಅವ್ವಾ, ಇಲ್ಲಿ ಏನರ ಹಚ್ಚೀದೇನು?”

ಅವ್ವನ ಕಾಲುಗಳು ಬಂದು ಕಾರಿನ ಪಕ್ಕ ನಿಂತವು. “ಇಲಿ ಪೈಪು ಕಡದಿತ್ತಲ್ಲ, ಅದಕ್ಕ ರಂಜಕ ಹಚ್ಚೀನಿ. ಉದ್ದನ ಸೌಟಿನ್ಯಾಗ ಮ್ಯಾಲಿಂದ. ಕೈಗೆ ಎಟಕಿದ ವಾಯರಿಗೆಲ್ಲ ಹಚ್ಚೀನಿ.”

ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆಹುಳಿ, ಕೈತುಂಬ ಉಪ್ಪು. ರೊಟ್ಟಿಗೆ ಹಚ್ಚಿಕೊಳ್ಳುವ ಆ ರಂಜಕದ ಉಪ್ಪು, ಹುಳಿ ಎರಡೂ ಸೇರಿ ತಾಮ್ರವನ್ನು ತಿಂದಿದ್ದವು.

ಅಪ್ಪ ನಕ್ಕುಬಿಟ್ಟ. “ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದದ್ದು, ಖಾರಕ್ಕಲ್ಲ. ಇಲಿ ಹೆದರ್ತಾವೇನು? ಕರದು ಊಟಕ್ಕ ಹಾಕೀದಿ.”

“ಅದ ರಂಜಕದ ಕೂಡ ನೀವು ಎರಡು ರೊಟ್ಟಿ ಜಾಸ್ತಿ ತಿಂದ್ರಿ. ಇಲಿಗೇನ ಅಂತೀರಿ?”

ನಾನೂ ನಗುತ್ತಲೇ ಸಣ್ಣ ವೈರನ್ನು ಎಳೆದು ಬಿಡಿಸಿ ಬದಿಗೆ ಸರಿಸಿ, ನಟ್ಟು ಬಿಚ್ಚಿ, ಕೇಬಲಿನ ತುದಿಯನ್ನು ಅಡುಗೆ ಸೋಡಾ ಕಲಸಿದ ನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ, ಮರಳು ಕಾಗದದಿಂದ ತಿಕ್ಕತೊಡಗಿದೆ. ಅರ್ಧದಷ್ಟು ತಾಮ್ರ ಹೊಳಪಿಗೆ ಬಂದಿತ್ತು. ಆಗ ಒಳಗಿನಿಂದ ಅಕ್ಕ ಕೂಗಿದಳು. ಜೋರಾಗಿ ಏನಲ್ಲ. “ಅವ್ವಾ, ಲಗೂ ಬಾ ಇಲ್ಲಿ,” ಅಂದಳು, ಅಷ್ಟೇ.

ಅವ್ವನ ಕಾಲುಗಳು ಓಡಿದವು. ತಿರುಗಿ ಬಂದಾಗ ಬಾಗಿಲಲ್ಲೇ ನಿಂತು ಹೇಳಿದಳು: “ನೀರು ಹೋತು.”

ಅಪ್ಪ ಆಂಬುಲೆನ್ಸಿಗೆ ಫೋನ್ ಹಚ್ಚಿದ. ಗಾಡಿ ಹಾವೇರಿ ಕಡೆ ಇದೆ, ಅಲ್ಲಿ ಇಳಿಸಿ ಬರುತ್ತದೆ ಎಂದರಂತೆ. ಎಷ್ಟು ಹೊತ್ತು ಎಂದು ಅಪ್ಪ ಮತ್ತೆ ಮತ್ತೆ ಕೇಳುತ್ತಿದ್ದುದು ನನಗೆ ಕೆಳಗೆ ಕೇಳುತ್ತಿತ್ತು. ಅವಸರಕ್ಕೆ ನಟ್ಟು ಎರಡು ಸಲ ಅಡ್ಡ ಕೂತಿತು. ಬಲವಂತ ಮಾಡಿದರೆ ನಟ್ಟಿನೊಳಗಿನ ಸುರುಳಿ ಎಳೆ ಕೆಡುತ್ತದೆ. ಹಿಂದಕ್ಕೆ ತಿರುವಿ ಬಿಡಿಸಿದೆ. ಬೆರಳಿನಿಂದಲೇ ಮೆಲ್ಲಗೆ ತಿರುವುತ್ತ ಹೋದೆ. ಒಳಗೆ ಅವ್ವ ಅಕ್ಕನಿಗೆ ಎಡ ಮಗ್ಗುಲಿಗೆ ಮಲಗು, ಏಳಬ್ಯಾಡ ಅನ್ನುತ್ತಿದ್ದಳು. ನಟ್ಟು ಹಿಡಿಯಿತು. ಪಾನಾದಿಂದ ಬಿಗಿದು, ಕೆಳಗಿನಿಂದ ತೆವಳಿ ಬಂದು, ಕೊನೆಗೆ ಕರಿ ಕೇಬಲನ್ನು ಬ್ಯಾಟರಿಗೆ ಕೂಡಿಸಿದೆ.

ಕೀಲಿ ತಿರುವಿದೆ. ಏನೂ ಇಲ್ಲ. ಟಕ್ ಕೂಡ ಇಲ್ಲ.

“ಏನಾತು?” ಎಂದ ಅಪ್ಪ. ಅವನ ದನಿಯಲ್ಲಿ ನಗೆಯ ಸುಳಿವೇ ಇರಲಿಲ್ಲ.

ನನಗೆ ಒಂದು ಕ್ಷಣ ಅಳು ಬಂತು. ಟಕ್ ಅನ್ನುವುದು ದಿಂಡಿನ ಸದ್ದು. ದಿಂಡು ಜಾರಲೇ ಇಲ್ಲವೆಂದರೆ ಅದಕ್ಕೆ ಕರೆಂಟೇ ಹೋಗಿಲ್ಲ. ಸಣ್ಣ ವೈರು! ಅವಸರದಲ್ಲಿ ಅದನ್ನು ತಿರುಗಿ ಸಿಕ್ಕಿಸಿರಲೇ ಇಲ್ಲ. ಕೀಲಿ ಹಿಂದಕ್ಕೆ ತಿರುವಿ, ಕಿತ್ತು ಅಪ್ಪನ ಕೈಗೆ ಕೊಟ್ಟು, ಚಾಪೆಯೂ ಇಲ್ಲದೆ ಮಣ್ಣಿನ ಮೇಲೆ ಮಲಗಿ ಮತ್ತೆ ಒಳಗೆ ತೂರಿದೆ. ಬೆರಳು ತಡಕಾಡಿ ತುದಿ ಸಿಕ್ಕಿತು. ಒತ್ತಿದೆ.

ಎದ್ದು ಬಂದು ಕೀಲಿ ತಿರುವಿದಾಗ ಈ ಸಲ ಇಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು.

ಅಕ್ಕ ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ಅಪ್ಪ ನನ್ನ ಪಕ್ಕ ಕೂತು, ಕಾಣದ ಕಣ್ಣಿನಲ್ಲೇ ರಸ್ತೆ ನೋಡುತ್ತಿದ್ದ. ರಾಣೆಬೆನ್ನೂರು ಹೊಕ್ಕಾಗ ಆಟೋ, ಬಸ್ಸುಗಳ ನಡುವೆ ಸಿಕ್ಕಿಬಿದ್ದೆವು.

“ನಿಂತರೂ ಬಂದ್ ಮಾಡಬ್ಯಾಡ,” ಎಂದ ಅಪ್ಪ.

“ಇಲ್ಲ.”

“ಗೇರು ನೋಡ್ಕೊ, ಬಂದ್ ಬಿದ್ದೀತು.”

“ಅಪ್ಪಾ, ಸುಮ್ಮನಿರು,” ಎಂದಳು ಅಕ್ಕ ಹಿಂದಿನಿಂದ. “ಅಕಿ ಕೈ ರಂಜಕದ ವಾಸನಿಗೇ ನನಗ ವಾಂತಿ ಬರಾಕತ್ತೇತಿ. ನಿನ್ನ ಮಾತೊಂದು ಬ್ಯಾರೆ.”

ಆಸ್ಪತ್ರೆಯ ಬಾಗಿಲಿಗೆ ಸ್ಟ್ರೆಚರ್ ಬಂತು. ಡಾಕ್ಟರಮ್ಮ ಅಕ್ಕನ ಹೊಟ್ಟೆ ಮುಟ್ಟಿ ನೋಡಿ ಸೀದಾ ಒಳಗೆ ಕರೆದೊಯ್ದರು. ಅವ್ವ ನೆಲಕ್ಕೆ ಕೂತು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ನಾನು ಅವಳ ಪಕ್ಕ ಕೂತೆ. “ನಾ ಹಚ್ಚಬಾರದಿತ್ತು,” ಎಂದಳು. “ಬಂದು ಮುಟ್ಟೇವಲ್ಲ,” ಎಂದೆ.

ಬಾಗಿಲು ತೆರೆದಾಗ ಡಾಕ್ಟರಮ್ಮ ಮಾಸ್ಕ್ ಇಳಿಸಿ, “ಹೆಣ್ಣು. ಇಬ್ಬರೂ ಆರಾಮ ಅದಾರ. ಇನ್ನ ಸ್ವಲ್ಪ ತಡ ಆಗಿದ್ರ ಹಿಂಗ ಹೇಳ್ತಿರಲಿಲ್ಲ ನಾನು,” ಎಂದರು. ಅವ್ವ ಅವರ ಕೈ ಹಿಡಿಯಲು ಹೋಗಿ, ತನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಅಪ್ಪನಿಗೆ ಹೇಳಲು ಹೊರಗೆ ಓಡಿದೆ. ಅವನು ಇನ್ನೂ ಕಾರಿನಲ್ಲೇ ಕೂತಿದ್ದ. ಇಂಜಿನ್ ಗುರುಗುಡುತ್ತಲೇ ಇತ್ತು. ಇಲ್ಲಿ ಆಗದೆ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸಿಬಿಟ್ಟರೆ ಎಂದು, ಇಷ್ಟು ಹೊತ್ತೂ ಆ ಸದ್ದನ್ನು ಕಾಯುತ್ತ ಕೂತಿದ್ದನಂತೆ. ವಾಚ್‌ಮನ್ ಎರಡು ಸಲ ಬಂದು ಬೈದು ಹೋಗಿದ್ದ.

“ಹೆಣ್ಣು. ಇಬ್ಬರೂ ಆರಾಮ,” ಎಂದೆ.

ಅಪ್ಪ ಕೀಲಿಯ ಮೇಲೆ ಕೈ ಇಟ್ಟು ನನ್ನನ್ನು ಕೇಳಿದ:

“ಹಂಗಾದ್ರ ಬಂದ್ ಮಾಡ್ಲೇನು?”