ಕುಸುಬಿ ಎಣ್ಣೆ ಕುಡಿದ ಗಾಡಿ, ಸಾವಕ್ಕನ ಕೈ

ಕುಬಿಹಾಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾವಕ್ಕ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಾಳೆ. ಗಂಡ ಶಂಕ್ರಪ್ಪ ಹುಬ್ಬಳ್ಳಿಯ ಹತ್ತಿ ಗಿರಣಿಗೆ ಹೋಗುವ ಬಸ್ಸು ಬರುವುದರೊಳಗೆ ಬುತ್ತಿ ಕಟ್ಟಬೇಕು. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಅರಿವೆಯಿಂದ ನೀರು ಸವರುವಷ್ಟರಲ್ಲಿ ಬೀದಿಯಿಂದ ಕೂಗು ಕೇಳುತ್ತದೆ.

"ಶಂಕ್ರಪ್ಪಾ! ಎದ್ದೀಯೇನೋ? ನಮ್ಮ ಗಾಡಿ ಎಲ್ಲೀತನಕ ಬಂತು?"

ಯರಗುಪ್ಪಿಯ ಮುದಕಪ್ಪನ ದನಿ. ಪಡಸಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬಿಚ್ಚಿ ಹರಡಿದ ಹಳೆಯ ಬಿ.ಎಸ್.ಎ. ಮೋಟರ್ ಸೈಕಲ್ಲು ಅವನದು.

ಬಚ್ಚಲಲ್ಲಿದ್ದ ಶಂಕ್ರಪ್ಪ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಓಡಿ ಬರುತ್ತಾನೆ. ಗಾಡಿಯ ಬದಿಗೆ ಕುಕ್ಕರಗಾಲಲ್ಲಿ ಕೂತು, ಕೈಗೆ ಸಿಕ್ಕ ಪಾನಾ ಹಿಡಿದು ಯಾವುದೋ ನಟ್ಟು ತಿರುವತೊಡಗುತ್ತಾನೆ. ಒಲೆಯ ಬಾಜು, ಹಿಟ್ಟಿನ ಬುಟ್ಟಿಯ ಪಕ್ಕದಲ್ಲಿ ಸಾವಕ್ಕ ತೊಳೆದು ಒಣಗಿಸಲು ಇಟ್ಟಿದ್ದ ಕಾರ್ಬುರೇಟರು ಎಂಟು ವರ್ಷದ ಮಗಳು ಮೈಲಾರವ್ವನ ಕೈಗೆ ಬಂದು, ಅಲ್ಲಿಂದ ಅಪ್ಪನ ಮುಂದೆ ಇಳಿಯುತ್ತದೆ. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತದೆ.

"ನೀನ ಮಾಡಾಕತ್ತೀ ಹೌದಲ್ಲೋ? ಬ್ಯಾರೆಯವರ ಕೈ ಹಚ್ಚಿಲ್ಲಲ್ಲ?" ಮುದಕಪ್ಪ ಒಳಗೆ ಬಂದವನೇ ಕೇಳುತ್ತಾನೆ.

"ಎಲ್ಲಿ ಬ್ಯಾರೆಯವ್ರು ಕಾಕಾ? ನಾನ ಮಾಡಾಕತ್ತೇನಿ."

"ಮತ್ತ ನಿನ್ನ ಉಗರ ಯಾಕ ಇಷ್ಟ ಸ್ವಚ್ಛ ಅದಾವು? ಮದುವಿ ಮದಿಮಗನಂಗ?"

"ಈಗ ತೊಳಕೊಂಡೇನ್ರಿ."

ಮೈಲಾರವ್ವ ಬಾಯಿ ತೆರೆಯುತ್ತಾಳೆ. ಹಿಂದಿನಿಂದ ಸಾವಕ್ಕ ಒಂದು ತುಣುಕು ರೊಟ್ಟಿಯನ್ನು ಆ ಬಾಯಿಗೆ ಇಟ್ಟುಬಿಡುತ್ತಾಳೆ. ಸಾವಕ್ಕನ ಉಗುರಿನ ಸಂದಿಯಲ್ಲಿ ಗ್ರೀಸು ಕಪ್ಪಗೆ ಕೂತಿದೆ. ಅದು ಎಷ್ಟು ತೊಳೆದರೂ ಹೋಗದ ಕಪ್ಪು. ಸೆರಗಿನಲ್ಲಿ ಕೈ ಸುತ್ತಿಕೊಂಡು ಅವಳು ಮತ್ತೆ ಒಲೆಗೆ ಮರಳುತ್ತಾಳೆ.

ಈ ಭಾಗದಲ್ಲಿ ಹಳೆಯ ಮೋಟರ್ ಸೈಕಲ್ಲು ಇಟ್ಟುಕೊಂಡವರಿಗೆ ಕುಬಿಹಾಳದ ಶಂಕ್ರಪ್ಪನ ಹೆಸರು ಗೊತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳು ಅಲ್ಲೊಂದು ಇಲ್ಲೊಂದು ದನದ ಕೊಟ್ಟಿಗೆಗಳಲ್ಲಿ ಇನ್ನೂ ನಿಂತಿವೆ. ಅವನ್ನು ಎಬ್ಬಿಸಬೇಕೆಂದರೆ ಶಂಕ್ರಪ್ಪನ ಮನೆಗೆ ತರುತ್ತಾರೆ. ಎಬ್ಬಿಸುವವಳು ಸಾವಕ್ಕ.

ಅವಳ ತವರು ಅಣ್ಣಿಗೇರಿ. ತಂದೆ ಹನಮಂತಪ್ಪ ಹಿಟ್ಟಿನ ಗಿರಣಿಗಳ, ಬಾವಿಗಳ ಎಣ್ಣೆ ಎಂಜಿನ್ನು ರಿಪೇರಿ ಮಾಡುತ್ತಿದ್ದವನು. ಬುತ್ತಿ ಕೊಡಲು ಹೋದ ಮಗಳನ್ನು ಅವನು ಅಲ್ಲೇ ಕೂರಿಸಿಕೊಳ್ಳುತ್ತಿದ್ದ. ತನ್ನ ದಪ್ಪ ಬೆರಳು ಹೋಗದ ಜಾಗಕ್ಕೆ ಅವಳ ಸಣ್ಣ ಕೈ ಹೋಗುತ್ತಿತ್ತು. "ಏನ್ ಹತ್ತಿತವಾ ಕೈಗೆ?" ಅಂತ ಅವನು ಕೇಳುವುದು, "ಒಂದ ಕಡೆ ಸವದೈತಿ, ಇನ್ನೊಂದ ಕಡೆ ಇಲ್ಲ" ಅಂತ ಇವಳು ಹೇಳುವುದು. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ನೋಡುವ ಅಭ್ಯಾಸ ಅವಳಿಗೆ ಹಾಗೆ ಬಂತು.

ಗಂಡನೂ ಫಿಟ್ಟರನೇ. ಆದರೆ ಅವನದು ಗಿರಣಿಯ ದೊಡ್ಡ ಯಂತ್ರಗಳಿಗೆ ಒಗ್ಗಿದ ಕೈ, ಸಣ್ಣದರ ಮೇಲೆ ಬಿದ್ದರೆ ಅದು ತಡೆಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಮನೆಗೆ ತಂದ ಒಂದು ಗಾಡಿಯ ಬೋಲ್ಟು ಮುರಿದು ಒಳಗೇ ಉಳಿಯಿತು. ಅವನು ತಲೆಗೆ ಕೈ ಹಚ್ಚಿ ಕೂತ. ಅವನು ಗಿರಣಿಗೆ ಹೋಗಿ ಬರುವಷ್ಟರಲ್ಲಿ ಸಾವಕ್ಕ ಅದನ್ನು ತೆಗೆದಿಟ್ಟಿದ್ದಳು. ಅಂದಿನಿಂದ ಗಾಡಿಗಳು ಅವನ ಹೆಸರಿಗೆ ಬರುತ್ತವೆ, ಅವಳ ಕೈಯಿಂದ ಹೋಗುತ್ತವೆ.

"ಬೋಲ್ಟ ಮುರಿಯಾವ್ರು ಅವರು, ಮುರದದ್ದ ತಗಿಯಾಕಿ ನಾ," ಅಂತ ನಗುತ್ತಾಳೆ ಸಾವಕ್ಕ. "ಇಬ್ಬರಿಗೂ ಕೆಲಸ ಸಿಕ್ಕೈತಿ."

ಮುದಕಪ್ಪನ ಗಾಡಿಯ ಕಥೆ ಬೇರೆ. ಅದು ನಿಂತುಹೋದಾಗ ಅವನು ತನಗೆ ತಿಳಿದ ಉಪಾಯ ಮಾಡಿದ್ದ. ನೇಗಿಲ ಕುಳಕ್ಕೆ, ಕುಡಗೋಲಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರುತ್ತೇವಲ್ಲ, ಹಾಗೆಯೇ ಎಂಜಿನ್ನಿನ ಪ್ಲಗ್ಗು ತೆಗೆದು ಮನೆಯ ಗಾಣದ ಕುಸುಬಿ ಎಣ್ಣೆಯನ್ನು ಧಾರಾಳವಾಗಿ ಹೊಯ್ದ. ಆಮೇಲೆ ಮೇವಿನ ಕೋಣೆಯಲ್ಲಿ ವರ್ಷಗಟ್ಟಲೆ ನಿಲ್ಲಿಸಿದ. ತುಕ್ಕು ಹಿಡಿಯಲಿಲ್ಲ, ನಿಜ. ಆದರೆ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅರಗಿನಂತಾಗಿ, ಪಿಸ್ಟನ್ನು ಕೊಳವೆಯೊಳಗೆ ಬೆಸೆದುಕೊಂಡಂತೆ ಕಚ್ಚಿ ಕೂತಿತು.

ಪಟ್ಟಣದ ಒಂದು ಗ್ಯಾರೇಜಿಗೆ ಒಯ್ದಾಗ ಅವರು ಒಡೆದು ತೆಗೆಯಬೇಕೆಂದರು. ಅವನು ಒಪ್ಪಲಿಲ್ಲ. ತಿಂಗಳಾನುಗಟ್ಟಲೆ ಅಲ್ಲಿ ಬಿದ್ದಿದ್ದ ಗಾಡಿ ಮರಳಿ ಬಂದಾಗ ಅದರ ಮುಂದಿನ ದೀಪ ಇರಲಿಲ್ಲ, ಯಾರು ಬಿಚ್ಚಿದರು ಎಂದರೆ ಯಾರೂ ಬಾಯಿ ಬಿಡಲಿಲ್ಲ. ಅದಕ್ಕೇ ಶಂಕ್ರಪ್ಪನಿಗೆ ಕೊಡುವಾಗ ಅವನು ಎರಡು ಮಾತು ಪಡೆದ. ಗಾಡಿಯ ಒಂದು ತುಣುಕೂ ಈ ಮನೆಯ ಹೊಸ್ತಿಲು ದಾಟಬಾರದು. ಶಂಕ್ರಪ್ಪನದು ಬಿಟ್ಟು ಇನ್ನೊಬ್ಬರ ಕೈ ಅದಕ್ಕೆ ಹತ್ತಬಾರದು.

ಗಾಡಿ ಬಂದ ದಿನ ಶಂಕ್ರಪ್ಪ ಅದರ ಕಿಕ್ಕಿನ ಮೇಲೆ ಎರಡೂ ಕಾಲಿಂದ ನಿಂತು ಹಾರಿದ. ಕಿಕ್ಕು ಬಾಗಿತು, ಎಂಜಿನ್ನು ಅಲುಗಲಿಲ್ಲ. ಸಾವಕ್ಕ ಪ್ಲಗ್ಗಿನ ತೂತಿಗೆ ಮೂಗು ಹಚ್ಚಿ ನೋಡಿದಳು. ಪರಿಚಯದ ನಾತ. ಬಜಿ ಕರಿಯುವ ಕಡಾಯಿಯ ಅಂಚಿನಲ್ಲಿ ಜಿಗಟಾಗಿ ಕೂರುವ ಕುಸುಬಿ ಎಣ್ಣೆಯದೇ ನಾತ. ಆ ಜಿಗಟನ್ನು ಕೆರೆದರೆ ಕಡಾಯಿ ಗೀರಾಗುತ್ತದೆ, ಬಿಸಿ ಬೂದಿಯಲ್ಲಿ ಹುಗಿದಿಟ್ಟರೆ ತಾನೇ ಮೆತ್ತಗಾಗುತ್ತದೆ ಎಂಬುದು ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ?

ಹೀಗಾಗಿ ದಿನಾ ಮುಂಜಾನೆ ಅಡಿಗೆ ಮುಗಿದ ಮೇಲೆ ಒಲೆಯಲ್ಲಿನ ಕುಳ್ಳಿನ ಬೂದಿ ಎಂಜಿನ್ನಿನ ಸುತ್ತ ಬೀಳತೊಡಗಿತು. ಆರಿದ ಮೇಲೆ ಬೂದಿ ತೆಗೆದು, ಒಳಗೆ ಚಿಮಣಿ ಎಣ್ಣೆ ಹೊಯ್ದು ಬಿಡುವುದು. ಸಂಜೆ ಮತ್ತೆ ಅದೇ. ನಡುವೆ ಎಮ್ಮೆ ಹಿಂಡುವುದು, ನೀರು ತರುವುದು, ಹೊಲದ ಕಳೆ. ಶಂಕ್ರಪ್ಪ ಎರಡನೆಯ ದಿನಕ್ಕೇ ಬಡಿಗೆ ಎತ್ತಿದ್ದ. ಅವಳು ಕಸಿದುಕೊಂಡಳು. "ಬಡದರ ಬರೂದಲ್ಲರಿ ಅದು. ಅಳೂ ಕೂಸಿನ ಮುಷ್ಟಿ ಬಿಚ್ಚಿಸಿದಂಗ. ನಾವ ಸಡ್ಲ ಬಿಟ್ರ ಅದೂ ಸಡ್ಲ ಬಿಡತೈತಿ." ಒಂದು ಮಧ್ಯಾಹ್ನ ಜಾಲಿಯ ಕಟ್ಟಿಗೆ ಇಟ್ಟು ಮೆಲ್ಲಗೆ ತಟ್ಟಿದಾಗ ಪಿಸ್ಟನ್ನು ಕೂದಲೆಳೆಯಷ್ಟು ಸರಿಯಿತು. ಅವಳು ಯಾರನ್ನೂ ಕರೆಯಲಿಲ್ಲ. ಸರಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಎದ್ದು ಎಮ್ಮೆಗೆ ನೀರು ಕುಡಿಸಲು ಹೋದಳು.

ಹಗಲು ಕೆಲಸ ಮಾಡುವಾಗ ಬಾಗಿಲು ಮುಚ್ಚಿರಬೇಕು. ಯಾರಾದರೂ ಬಂದರೆ ಗಾಡಿಯ ಮೇಲೆ ಕೌದಿ ಬೀಳುತ್ತದೆ. ನೆರೆಮನೆಯ ದುರ್ಗವ್ವ ಒಮ್ಮೆ ಮೆಂತೆ ಕಡ ಕೇಳಲು ಬಂದು ಕಣ್ಣಗಲಿಸಿದ್ದಳು.

"ಹಾಡ ಹಗಲೀ ಕೌದಿ ಹೊಚ್ಚಿ ಯಾರವಾ ಮಲಗ್ಯಾರ ನಿಮ್ಮ ಮನ್ಯಾಗ?"

"ಯರಗುಪ್ಪಿಯಿಂದ ಒಬ್ಬ ಮುದುಕ ಬಂದಾನವಾ. ಮೈಯಾಗ ಆರಾಮಿಲ್ಲ."

"ಬಿಸಿ ಗಂಜಿ ಕುಡಸು."

"ಬಿಸಿ ಬೂದೀನ ಹಚ್ಚಾಕತ್ತೇನಿ," ಅಂದಳಂತೆ ಸಾವಕ್ಕ.

ಕಿಕ್ಕಿನ ಹಲ್ಲುಚಕ್ರ ಸವೆದಿತ್ತು. ಬೇರೆಯದು ತರಬೇಕೆಂದರೆ ಅಳತೆ ಬೇಕು, ಆದರೆ ಹಳೆಯದು ಹೊಸ್ತಿಲು ದಾಟುವಂತಿಲ್ಲ. ಎರೆಮಣ್ಣಿನಲ್ಲಿ ಅಚ್ಚು ಒತ್ತಿದರೆ ಒಣಗಿ ಬಿರಿಯಿತು. ಕೊನೆಗೆ ಗೋದಿ ಹಿಟ್ಟಿನ ಕಣಕ ಗಟ್ಟಿಯಾಗಿ ಕಲಸಿ, ಚಕ್ರವನ್ನು ಅದರಲ್ಲಿ ಒತ್ತಿ, ಒದ್ದೆ ಅರಿವೆಯಲ್ಲಿ ಸುತ್ತಿ ಗಂಡನ ಬುತ್ತಿಯ ಜೊತೆ ಕಟ್ಟಿದಳು. ಹುಬ್ಬಳ್ಳಿಯಲ್ಲಿ ಹಳೆಯ ಸಾಮಾನು ಮಾರುವ ಮಾಬುಸಾಬ ಗಂಟು ಬಿಚ್ಚಿ ನೋಡಿ ಬಿದ್ದು ಬಿದ್ದು ನಕ್ಕ.

"ಹೋಳಿಗಿ ತಂದಿ ಅಂತ ಮಾಡಿದ್ನೆಲ್ಲೋ ಶಂಕ್ರಪ್ಪ!" ಆಮೇಲೆ ಆ ಅಚ್ಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಒಂದು ಹಲ್ಲಿನ ಗುರುತೂ ಕೆಟ್ಟಿರಲಿಲ್ಲ. "ಈ ಕಣಕ ಕಲಸಿದ ಕೈ ನಿಂದಲ್ಲ ಬಿಡು," ಅಂದ. ಸರಿಯಾದ ಚಕ್ರ ಹುಡುಕಿ ಕೊಟ್ಟು, "ತಂಗಿಗೆ ನನ್ನ ಸಲಾಮ ಹೇಳು" ಅಂತ ಕಳಿಸಿದ. ಹೊರಗಿನವರಲ್ಲಿ ವಿಷಯ ತಿಳಿದವನು ಅವನೊಬ್ಬನೇ.

ಶಂಕ್ರಪ್ಪನಿಗೆ ಈ ನಾಟಕ ಸಾಕಾಗಿದೆ. "ನನ್ನ ಹೊಗಳಿದಾಗೆಲ್ಲ ನನಗ ಮೈಯೆಲ್ಲ ಮುಳ್ಳು ಚುಚ್ಚಿದಂಗ ಆಗತೈತಿ. ಹೇಳಿ ಬಿಡೂಣು ಅಂತೇನಿ, ಈಕಿ ಕೇಳವಲ್ಲಳು."

ಸಾವಕ್ಕ ಕೇಳುವುದಿಲ್ಲ, ಯಾಕೆಂದರೆ ಲೆಕ್ಕ ಅವಳಿಗೆ ಸ್ಪಷ್ಟವಿದೆ. ಮುದಕಪ್ಪನ ಅಣ್ಣಿಗೇರಿಯ ಬೀಗರ ಮನೆಯಲ್ಲಿ ಇನ್ನೂ ಎರಡು ಹಳೆಯ ಗಾಡಿಗಳಿವೆ. ಇದು ಚೆನ್ನಾಗಿ ಎದ್ದರೆ ಅವೂ ಇಲ್ಲಿಗೇ. ಕೊಟ್ಟ ಮಾತು ಮುರಿದದ್ದು ಗೊತ್ತಾದರೆ ಅವೂ ಇಲ್ಲ, ಮುಂದೆ ಯಾವುದೂ ಇಲ್ಲ. "ನನಗ ಹೆಸರ ತಗೊಂಡ ಏನ್ ಮಾಡೂದೈತಿ?" ಎನ್ನುತ್ತಾಳೆ. "ಕೆಲಸ ಬೇಕು. ರೊಟ್ಟಿ ಬಡದರ ತಿಂದ ಮುಗಸ್ತಾರ. ಅರಿವಿ ಒಗದರ ಮತ್ತ ಹೊಲಸ ಮಾಡತಾರ. ಈ ಗಾಡಿ ಒಂದ ನೋಡ್ರಿ, ನಾ ಮಾಡಿದ್ದು ಮಾಡಿದಂಗ ಇರತೈತಿ." ಜೊತೆಗೆ ಇನ್ನೊಂದು ಮಾತು ಸೇರಿಸುತ್ತಾಳೆ: "ಒಂದೇ ಒಂದ ಸಲ, ಬಾಗಲ ತಗದಿಟ್ಟು ಕೆಲಸ ಮಾಡಬೇಕು ಅನಸ್ತೈತಿ. ಬೆಳಕ ಚೊಲೊ ಬೀಳತೈತಲ್ಲ."

ಕೆಲವು ದಿನ ಕಳೆದು ಗಾಡಿ ಈಗ ಪೂರ್ತಿ ಕೂಡಿದೆ. ಆದರೆ ಅದರ ಸದ್ದು ಅವಳು ಇನ್ನೂ ಕೇಳಿಲ್ಲ. ಶಂಕ್ರಪ್ಪ ಗಿರಣಿಗೆ ಹೋದಾಗ ಮನೆಯಲ್ಲಿ ಎಂಜಿನ್ನು ಚಾಲು ಮಾಡಿದರೆ ಊರಿಗೇ ತಿಳಿಯುತ್ತದೆ. ಅವನ ರಜೆಯ ದಿನಕ್ಕೇ ಕಾಯಬೇಕು. ಆ ದಿನ ಗಾಡಿಯನ್ನು ಅಂಗಳಕ್ಕೆ ನೂಕಿ ತರುವಷ್ಟರಲ್ಲಿ ಮುದಕಪ್ಪ ಹಾಜರು. ಓಣಿಯ ಮಂದಿಯೂ ಕೂಡುತ್ತಾರೆ.

"ಈಗಿನ ಗಾಡಿ ಗುಂಗಾಡ ಇದ್ದಂಗ ಗುಂಯ್ ಅಂತಾವು," ಅಂತ ಮುದಕಪ್ಪ ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. "ಇದರ ದನಿ ಕೇಳ್ರಿ, ಗಂಡಸಿನ ದನಿ!"

ಶಂಕ್ರಪ್ಪ ಒದೆಯುತ್ತಾನೆ. ಫಡ್ ಎಂದು ಕಿಕ್ಕು ತಿರುಗಿ ಬಡಿಯುತ್ತಲೇ ಅವನು ಮೀನಖಂಡ ಹಿಡಿದುಕೊಂಡು ಕುಣಿಯುತ್ತಾನೆ. ಮಂದಿ ನಗುತ್ತಾರೆ. ಹೊಸ್ತಿಲಲ್ಲಿ ಚಹದ ತಾಟು ಹಿಡಿದು ನಿಂತ ಸಾವಕ್ಕನಿಗೆ ಕಾರಣ ಗೊತ್ತು. ಕಿಡಿ ಹಾರುವ ಹೊತ್ತನ್ನು ಹಿಂದೆ ಸರಿಸುವ, ಹಿಡಿಕೆಯ ಬದಿಯ ಸಣ್ಣ ಸನ್ನೆಕೋಲನ್ನು ಅವನು ಎಳೆದಿಲ್ಲ. ಅವಳು ತಾಟಿನ ಅಂಚಿನ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಹಿಂದಕ್ಕೆ ಜಾರಿಸುತ್ತಾಳೆ. ಅವನು ನೋಡುತ್ತಾನೆ. ಸನ್ನೆಕೋಲು ಎಳೆದು ಮತ್ತೆ ಒದೆಯುತ್ತಾನೆ.

ಡಬ್. ಡಬ್ ಡಬ್. ಗಾಡಿ ನೀಲಿ ಹೊಗೆ ಬಿಟ್ಟು, ಕೆಮ್ಮಿ, ಆಮೇಲೆ ಒಂದೇ ಸಮ ಹಿಡಿದು ನಿಲ್ಲುತ್ತದೆ. ಕೋಳಿಗಳು ಚದುರುತ್ತವೆ. ಸಾವಕ್ಕನ ತಾಟಿನಲ್ಲಿನ ಚಹದ ಕಪ್ಪು-ಬಸಿಗಳು ಅದೇ ತಾಳಕ್ಕೆ ನಡುಗುತ್ತವೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಾಳೆ.

ಮುದಕಪ್ಪ ಪಂಚೆ ಕಚ್ಚೆ ಕಟ್ಟಿ ಹತ್ತಿ, ಹನಮಪ್ಪನ ಗುಡಿಯ ತನಕ ಹೋಗಿ ತಿರುಗಿ ಬರುತ್ತಾನೆ. ಇಳಿಯುವ ಮನಸ್ಸಿಲ್ಲ. ಮೇಲೆ ಕೂತೇ, ಎಂಜಿನ್ನು ನುಡಿಯುತ್ತಿದ್ದಂತೆಯೇ ಶಂಕ್ರಪ್ಪನ ಭುಜ ತಟ್ಟುತ್ತಾನೆ.

"ಮಾತ ಉಳಿಸ್ಕೊಂಡಿ ನೋಡ ಲೇ! ಇನ್ನೊಬ್ಬರ ಕೈ ಹತ್ತಿದ್ರ ನಾ ಇದರ ಮ್ಯಾಲೆ ಕಾಲ ಹಾಕತಿದ್ದಿಲ್ಲ. ಅಣ್ಣಿಗೇರಿ ಎರಡೂ ಗಾಡಿ ಮುಂದಿನ ವಾರ ನಿನ್ನ ಅಂಗಳದಾಗ!"

ಶಂಕ್ರಪ್ಪ ನೆಲ ನೋಡುತ್ತಾನೆ. ಏನೋ ಹೇಳಲು ತಲೆ ಎತ್ತುತ್ತಾನೆ. ಹೊಸ್ತಿಲಿಂದ ಸಾವಕ್ಕನ ಕಣ್ಣು ಬೇಡ ಎನ್ನುತ್ತದೆ. ಆ ಎರಡು ಮುಖಗಳ ನಡುವೆ ನಿಂತ ಮೈಲಾರವ್ವ ಒಮ್ಮೆ ಅಪ್ಪನನ್ನು, ಒಮ್ಮೆ ಅವ್ವನನ್ನು ನೋಡುತ್ತಾಳೆ. ಆಮೇಲೆ ನುಡಿಯುವ ಗಾಡಿಯ ಹತ್ತಿರ ಹೋಗಿ, ಆ ಸದ್ದನ್ನೂ ಮೀರಿ ಕೇಳುವಂತೆ, ಕತ್ತೆತ್ತಿ ಕೂಗುತ್ತಾಳೆ:

"ಮುತ್ಯಾ, ಇದನ್ನ ನಮ್ಮವ್ವ ಮಾಡಿದ್ರ ನೀವ ಇಳದ ಬಿಡತೀರೇನ್ರಿ?"