ವೈನಿಯ ಹಿತ್ತಲು

ಕಳೆದ ವಾರ ಮನೆತುಂಬ ಸತ್ತ ಇಲಿಯ ವಾಸನೆ. ಸೊಸೆ ಟ್ರಂಕು ಸರಿಸಿದಳು, ಕಪಾಟು ಎಳೆದಳು, ಮಗನನ್ನು ಮಂಚದ ಕೆಳಗೆ ತೂರಿಸಿದಳು. ಇಲಿ ಇದ್ದರೆ ತಾನೆ! ಕಿಟಕಿಯ ಕುಂಡದಲ್ಲಿ, ಎಲೆಯೇ ಇಲ್ಲದ ಬೆರಳುಗಳಂಥ ಗಿಡ ಕಂದುಗೆಂಪು ಹೂ ಬಿಟ್ಟಿತ್ತು, ನೊಣ ಮುತ್ತಿದ್ದವು. ಮೂಗು ಮುಚ್ಚಿಕೊಂಡು ನಕ್ಕೆ, ಹಿಂದೆಯೇ ಕಣ್ಣು ತುಂಬಿತು. ನಾನು ಇಂಡಿ ಬಿಡುವಾಗ ಆ ಗಿಡ ಕೊಟ್ಟವರು ವೈನಿ...

ಇಂಡಿಯಲ್ಲಿ ನಾನು ಹೈಸ್ಕೂಲು ಟೀಚರಾಗಿದ್ದಾಗ ಪಕ್ಕದ ದೊಡ್ಡ ಮನೆಯ ಸೊಸೆ ಅವರು. ಓಣಿಗೆಲ್ಲ ವೈನಿಯೇ, ಅಂದರೆ ಅತ್ತಿಗೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ್ದರು. ಮದುವೆಯಾದ ಮೇಲೆ ಆ ಓದು ಒಗ್ಗರಣೆಗೆ ಕರಿಬೇವು ಕೀಳುವುದಕ್ಕಷ್ಟೇ ಬಂತು ಎಂದು ತಾವೇ ನಗುತ್ತಿದ್ದರು. ಆ ಮನೆಯ ಹೆಂಗಸರು ದೇವರಿಗೆ ಹೋಗುವುದೊಂದು ಬಿಟ್ಟು ಹೊರಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ರಜೆಯ ದಿನ ಅಮಾವಾಸ್ಯೆ ಬಂತೆಂದರೆ ವೈನಿಗೆ ಭಕ್ತಿ ಉಕ್ಕುತ್ತಿತ್ತು. ಮೊದಲ ಬಸ್ಸಿಗೇ ನಾವಿಬ್ಬರು. ಒಮ್ಮೆ ಲಚ್ಯಾಣ, ಒಮ್ಮೆ ಬಸವನ ಬಾಗೇವಾಡಿ, ಒಮ್ಮೆ ತಂಗಡಗಿ. ದೇವರಿಗೆ ಕೈ ಮುಗಿದದ್ದೇ ತಡ, ಉಳಿದ ಹೊತ್ತೆಲ್ಲ ಕಲ್ಲುಸಂದಿ, ಹಳ್ಳದ ದಂಡೆ, ಮುಳ್ಳುಕಂಟಿ. ತಂಗಡಗಿಯಲ್ಲಿ ಕೃಷ್ಣೆಯ ಕೆಸರಲ್ಲಿ ಮೊಣಕಾಲ ತನಕ ಹೂತು ನಿಂತು, ಬಳ್ಳಿಯೊಂದನ್ನು ಎತ್ತಿ ಹಿಡಿದು ಅವರು ನಕ್ಕ ನಗುವನ್ನು ಮನೆಯಲ್ಲಿ ನಾನೆಂದೂ ಕಂಡಿರಲಿಲ್ಲ.

ಸಿಕ್ಕಿಬಿದ್ದದ್ದೂ ಅಮಾವಾಸ್ಯೆಯಂದೇ. ಸಿಂದಗಿ ಕಡೆಯ ಒಂದು ಹಳ್ಳಿಯ ಹೊರಗೆ, ಪಾಳುಗುಡಿಯ ಹಿಂದೆ, ಹೂ ಬಿಟ್ಟಿದ್ದ ಈ ಗಿಡವನ್ನೇ ವೈನಿ ಕುರ್ಪಿಯಿಂದ ಅಗೆದು ಬಿಡಿಸುತ್ತಿದ್ದರು. ಕುರಿ ಕಾಯುವವನೊಬ್ಬ ನೋಡಿ ಊರಿಗೆ ಓಡಿದ. ಜನ ಬಂದು ನಮ್ಮ ಚೀಲ ಸುರುವಿದರು. ದೇವರಿಗೆಂದು ತಂದ ಅರಿಷಿಣ, ಕುಂಕುಮ, ತೆಂಗಿನಕಾಯಿ. ಜೊತೆಗೆ ಲಿಂಬೆ ಬೆಳೆಯುವ ಇಂಡಿಯವರ ಚೀಲದಲ್ಲಿ ಇರಲೇಬೇಕಾದ ಲಿಂಬೆಹಣ್ಣು, ಶರಬತ್ತಿಗೆ. ಅಮಾವಾಸ್ಯೆ, ಪಾಳುಗುಡಿ, ಕುರ್ಪಿ, ಲಿಂಬೆ... ಇನ್ನೇನು ಬೇಕು?

“ನಿಧಿ ತಗಿಯಾಕ ಬಂದಾರ!” ಎಂದು ಒಬ್ಬ ಕೂಗಿದ.

“ನಿಧಿ ಅಲ್ಲಪಾ, ಗಿಡಾ ತಗಿಯಾಕತ್ತೇನಿ,” ಎಂದರು ವೈನಿ.

“ಈ ನಾರೋ ಗಿಡಾ? ಯಾರಿಗೆ ಹೇಳ್ತಿಯವಾ?”

ಅವನ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ನಮ್ಮಿಬ್ಬರನ್ನು ಒಂದು ಖೋಲಿಯಲ್ಲಿ ಕೂಡಿಹಾಕಿ ಚಿಲಕ ಜಡಿದರು. ಸಂಜೆ ವೈನಿಯ ಗಂಡ ಜೀಪಿನಲ್ಲಿ ಬಂದು ಬಿಡಿಸಿದರು. ಅವರು ಕೆಟ್ಟವರಲ್ಲ, ತಮ್ಮ ಮನೆಯ ಹೆಣ್ಣುಮಗಳು ನಿಧಿಗಳ್ಳಿ ಎಂದು ಸಂತೆಯಲ್ಲಿ ಜನ ಆಡಿಕೊಂಡದ್ದನ್ನು ಅವರಿಗೆ ನುಂಗಲಾಗಲಿಲ್ಲ.

“ಬೇಕಾದ ಗಿಡಾ ತರಸ್ತೇನಿ. ಹಿತ್ತಲದಾಗ ಹಚ್ಚು. ಹೊಸ್ತಿಲಾ ಮಾತ್ರ ದಾಟಬ್ಯಾಡ,” ಎಂದರು.

ಹೇಳಿದಂತೆಯೇ ನಡೆದರು. ಬೋರು ಕೊರೆಸಿದರು, ಕೆಮ್ಮಣ್ಣು ತರಿಸಿದರು, ಗೋಡೆ ಎತ್ತರಿಸಿದರು. ಗಿಡ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ತಂದುಕೊಟ್ಟರೆ ವೈನಿ ಗಿಡ ನೋಡುವ ಮೊದಲು ಬೇರಿಗೆ ಹತ್ತಿದ ಮಣ್ಣು ಮೂಸುತ್ತಿದ್ದರು. “ಅಲ್ಲಿ ಮಳಿ ಆಗೇತೇನು? ಹೊಳಿ ತುಂಬೇತೇನು?” ಎಂದು ಕೇಳುತ್ತಿದ್ದರು. ಹಿತ್ತಲು ತುಂಬಿತು. ನೋಡಲು ಜನ ಬಂದರು, ಮನೆಯವರಿಗೆ ಹೆಮ್ಮೆಯೋ ಹೆಮ್ಮೆ. ನನಗೋ ಅಲ್ಲಿ ಕೂತರೆ ಉಸಿರು ಕಟ್ಟುತ್ತಿತ್ತು.

ಒಂದು ಶ್ರಾವಣದಲ್ಲಿ ವೈನಿ ನನ್ನೆದುರೇ ಗಂಡನನ್ನು ಕೇಳಿಬಿಟ್ಟರು. “ತಂಗಡಗಿಗೆ ಒಮ್ಮಿ ಹೋಗಿ ಬರ್ತೇನ್ರಿ. ದಂಡಿ ಮ್ಯಾಲ ಬಳ್ಳಿ ಹೂ ಬಿಟ್ಟಿರ್ತಾವ.”

ಅವರು ಅಕ್ಕರೆಯಿಂದಲೇ ಗೋಡೆಯತ್ತ ಕೈ ತೋರಿಸಿದರು. “ಆ ಬಳ್ಳಿ ಇಲ್ಲೇ ಐತೆಲ್ಲ?”

ನಾನು ಹೊರಟಾಗ ವೈನಿ ಬಾಗಿಲ ತನಕ ಬಂದು ಕೈ ಹಿಡಿದರು.

“ಇನ್ನ ಏನೂ ತರಬ್ಯಾಡವಾ. ಇಲ್ಲಿ ಇಲ್ಲದ್ದು ಅಂತ ಒಂದಾದ್ರೂ ಹೊರಗ ಉಳೀಲಿ.”

ಮತ್ತೆ ತರಲಿಲ್ಲ. ಅವರೂ ಯಾರನ್ನೂ ಏನೂ ಕೇಳಲಿಲ್ಲ... ವರ್ಗವಾಗಿ ನಾನು ಮುದ್ದೇಬಿಹಾಳಕ್ಕೆ ಬಂದವಳು ಇಲ್ಲೇ ಉಳಿದೆ. ಹೋದ ವರ್ಷ ವೈನಿ ತೀರಿಕೊಂಡರು. ಅವರು ಕೊಟ್ಟ ಗಿಡ ಹೂ ಬಿಟ್ಟ ಸುದ್ದಿ ಹೇಳಲು ಬೇರೆ ಯಾರೂ ತೋಚದೆ ಮೊನ್ನೆ ಇಂಡಿಗೆ ಹೋದೆ.

ಅವರ ಮಗ ಹಿತ್ತಲೆಲ್ಲ ಸುತ್ತಾಡಿಸಿದ. ಗಿಡಗಳು ಚೆನ್ನಾಗಿವೆ, ಆಳು ನೀರು ಹಾಕುತ್ತಾನೆ.

“ನೋಡ್ರಿ ಟೀಚರ್, ನಮ್ಮವ್ವ ಹೊಸ್ತಿಲಾ ದಾಟದ ಇಷ್ಟೆಲ್ಲಾ ಮಾಡಿದ್ಲು,” ಎಂದ. ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ.

“ದಾಟಲಿಲ್ಲ ಅಲ್ಲಪಾ. ದಾಟಾಕ ಬಿಡಲಿಲ್ಲ,” ಎಂದೆ.

ಅವನು ನಕ್ಕ. “ನೀವು ಮೊದಲಿಂದ ಹಿಂಗ ಚಾಷ್ಟಿ ಮಾಡ್ತೀರಿ,” ಎಂದು ಒಳಗೆ ಚಹಾಕ್ಕೆ ಹೇಳಿದ.